ಕೆಮ್ಮಿಲ್ಲದ ಘಾಟು

ಹೋದ ವರ್ಷದ ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮವರು ಬ್ಯಾಡಗಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಮಾರುಕಟ್ಟೆಯಲ್ಲಿ ಟೆಂಡರ್ ಇದ್ದ ದಿನ ಲಾರಿ, ಟ್ರ್ಯಾಕ್ಟರುಗಳನ್ನು ಸಂಭಾಳಿಸುವ ಬಂದೋಬಸ್ತು ಅವರದು; ಅಲ್ಲಿಯೇ ಅವರ ಪಾಯಿಂಟ್, ಅಂದರೆ ಕಾವಲಿನ ಜಾಗ. ಅಂದು ಬೆಳಿಗ್ಗೆ ನಾನು ಕ್ವಾರ್ಟರ್ಸಿನ ಹಿತ್ತಲಲ್ಲಿ ವರ್ಷದ ಖಾರಪುಡಿಗೆಂದು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಮೂಗಿಗೆ ಸೆರಗು ಕಟ್ಟಿಕೊಂಡರೂ ಕೆಮ್ಮು ಬಿಟ್ಟಿರಲಿಲ್ಲ.

ಅವರ ಜೊತೆ ಡ್ಯೂಟಿಯಲ್ಲಿದ್ದ ಕಾನ್‌ಸ್ಟೇಬಲ್ ದಾವಲಸಾಬ ಫೋನ್ ಮಾಡಿದ. "ವೈನಿ, ಅಣ್ಣಾರಿಗೆ ಎದಿ ಉರಿಯಾಕತ್ತೇತಿ. ಬೆವರಿಗೆ ಅಂಗಿ ಪೂರಾ ತೊಯ್ದೇತಿ. ದವಾಖಾನಿಗೆ ನಡೀರಿ ಅಂದ್ರ ಘಾಟು ಅಂತಾರ. ನೀವರ ಹೇಳ್ರಿ."

ಈ ಊರಿನಲ್ಲಿ ಸುಗ್ಗಿ ಬಂತೆಂದರೆ ಕಣ್ಣು ಉರಿದರೂ ಘಾಟು, ಎದೆ ಉರಿದರೂ ಘಾಟು. ಒಂದು ತುಣುಕು ಬೆಲ್ಲ ಬಾಯಿಗೆ ಹಾಕಿಕೊಂಡು ಎಲ್ಲರೂ ಕೆಲಸಕ್ಕೆ ಮರಳುತ್ತಾರೆ. ದಾವಲಸಾಬ ಫೋನನ್ನು ನಮ್ಮವರ ಕೈಗೆ ಕೊಟ್ಟ.

"ಏನೂ ಆಗಿಲ್ಲ, ಬೆಲ್ಲ ತಿಂದೇನಿ. ಬದಲಿ ಬರೂತನಕ ಪಾಯಿಂಟ್ ಬಿಡಾಕ ಬರೂದಿಲ್ಲ. ನೀ ಮೊದಲ ನಿನ್ನ ಕೆಮ್ಮು ನೋಡ್ಕೊ."

ನನ್ನ ಕೈ ನಿಂತಿತು. ಒಂದು ಬುಟ್ಟಿ ಮೆಣಸಿನಕಾಯಿಗೆ ನಾನು ಇಲ್ಲಿ ಕೆಮ್ಮುತ್ತಿದ್ದೆ. ಫೋನಿನಲ್ಲಿ ಹಮಾಲರು ಕೆಮ್ಮುವುದೂ ಕೇಳುತ್ತಿತ್ತು. ಇವರು ಮಾತ್ರ ಒಮ್ಮೆಯೂ ಕೆಮ್ಮಲಿಲ್ಲ. ಕೆಮ್ಮಿಲ್ಲದ ಘಾಟನ್ನು ನಾನು ಕಂಡಿಲ್ಲ.

ವಾದ ಮಾಡಲಿಲ್ಲ. ಹೆಂಡತಿಯ ಮಾತಿಗೆ ಪಾಯಿಂಟ್ ಬಿಡುವವರಲ್ಲ. ಆರ್ಡರ್ ಎಂದರೆ ಏಳುತ್ತಾರೆ. ಫೋನನ್ನು ದಾವಲಸಾಬನಿಗೆ ಕೊಡಿಸಿ ಹೇಳಿದೆ: "ಸಾಹೇಬ್ರು ಹಾವೇರಿಗೆ ಲಗೂನ ಕರದಾರ ಅಂತ ಹೇಳಿ ಜೀಪಿನ್ಯಾಗ ಕುಂದ್ರಿಸು. ಸೀದಾ ಅಲ್ಲಿನ ದೊಡ್ಡ ದವಾಖಾನಿಗೆ ಒಯ್ಯಿ."

"ಸುಳ್ಳ ಆರ್ಡರ್ ಹೇಳಿದ್ರ ನನ್ನ ನೌಕರಿ ಹೊಕ್ಕೈತಿ, ವೈನಿ."

"ಹೋದ್ರ ನಮ್ಮನ್ಯಾಗ ಉಣ್ಣಾಕ ಬಾರಪಾ. ಮೊದಲ ಎಬ್ಬಿಸು."

"ಯಾವ ಸಾಹೇಬ್ರು, ಏನ್ ಕೆಲಸ" ಎಂದು ಇವರು ದಾರಿಯಲ್ಲಿ ಕೇಳುತ್ತಲೇ ಇದ್ದರಂತೆ. ಮೋಟೆಬೆನ್ನೂರು ದಾಟುವಾಗ ಮಾತು ನಿಂತು ಎಚ್ಚರ ತಪ್ಪಿತಂತೆ.

ನಾನು ಬಸ್ಸು ಹಿಡಿದು ಹಾವೇರಿ ಮುಟ್ಟುವಷ್ಟರಲ್ಲಿ ಇಸಿಜಿ ಆಗಿತ್ತು. ಹೃದಯಾಘಾತ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರು. ಡಾಕ್ಟರು ನಿದ್ದೆ, ಊಟ, ಬಿಪಿ ಗುಳಿಗೆ ಎಲ್ಲ ವಿಚಾರಿಸಿದರು. ಬಂದೋಬಸ್ತಿನ ದಿನ ಊಟವೆಂದರೆ ಚಹಾ, ಮಿರ್ಚಿ ಭಜಿ. ರಾತ್ರಿ ಗಸ್ತು ಮುಗಿಸಿ ಬಂದು ಯೂನಿಫಾರ್ಮಿನಲ್ಲೇ ಒರಗುವುದೇ ನಿದ್ದೆ. ಗುಳಿಗೆ ಮನೆಯ ಗೋಡೆಯ ಮಾಡದಲ್ಲಿರುತ್ತಿತ್ತು, ಇವರು ಪಾಯಿಂಟಿನಲ್ಲಿ.

ನಾನು ಕೆಮ್ಮಿನ, ಬೆಲ್ಲದ ಮಾತು ಹೇಳಿದೆ. "ಕೆಮ್ಮಿದ್ರೂ ಬರ್ರಿ, ಇಲ್ಲದಿದ್ರೂ ಬರ್ರಿ. ಎದಿ ಉರಿಗೆ ಬೆಲ್ಲ ತಿನ್ಕೋತ ಕುಂದರಬ್ಯಾಡ್ರಿ," ಎಂದರು ಡಾಕ್ಟರು. ಜೀವ ಉಳಿಯಿತು, ಹೃದಯದ ಒಂದು ಭಾಗದ ಬಲ ಹೋಯಿತು. ಮುಂದೆ ಬಂದೋಬಸ್ತು ಬೇಡವೆಂದು ಬರೆದುಕೊಟ್ಟರು.

ಎಚ್ಚರಾದಾಗ ಇವರು ದಾವಲಸಾಬನನ್ನು ಕೇಳಿದ ಮೊದಲ ಮಾತು, "ಪಾಯಿಂಟಿಗೆ ಬದಲಿ ಬಂದ್ನೇನೋ?"

"ಬಂದಾನ್ರಿ, ಅಣ್ಣಾರ. ಬ್ಯಾಡಗಿ ಇದ್ದಲ್ಲೇ ಐತಿ."

ಇವರು ಗೋಡೆಯತ್ತ ಹೊರಳಿದರು. ಪೊಲೀಸರ ಮನೆಯಲ್ಲಿ ಬಾಳಿ ನಾನು ಕಲಿತದ್ದೂ ಇದೇ. ಪಾಯಿಂಟಿಗೆ ಬದಲಿ ಸಿಗುತ್ತಾನೆ, ಮನೆಗೆ ಸಿಗುವುದಿಲ್ಲ. ಅಂದು ಜೀಪು ಹತ್ತಿರದಲ್ಲಿತ್ತು, ದಾವಲಸಾಬ ಸುಳ್ಳು ಹೇಳಲು ಒಪ್ಪಿದ. ದೀಪ ಹಚ್ಚುವಾಗ ಇಷ್ಟನ್ನು ನೆನೆಯುತ್ತೇನೆ.

ಮನೆಗೆ ಮರಳಿದಾಗ ಹಿತ್ತಲಿನ ಮೆಣಸಿನಕಾಯಿ ಇಬ್ಬನಿಗೆ ಮೆತ್ತಗಾಗಿದ್ದವು. ಬಿಸಿಲಿಗೆ ಹರವಿ, ಗರಿಗರಿಯಾದ ಮೇಲೆ ತೊಟ್ಟು ಮುರಿಯಲು ಕುಳಿತೆ. ಒಳಗೆ ಮಂಚದ ಮೇಲಿಂದ ಇವರು ಘಾಟಿಗೆ ಕೆಮ್ಮಿದರು. ವೀರಭದ್ರನಿಗೆ ಕೈಮುಗಿದು, ಎದ್ದು ಕಿಟಕಿ ಮುಚ್ಚಿ ಬಂದು, ಇನ್ನೊಂದು ಹಿಡಿ ತೆಗೆದುಕೊಂಡೆ.