ಹತ್ತು ಕುರಿಗೆ ಹತ್ತು ಚಿತ್ತಾರ

“ಕೆಂಪು ಚುಕ್ಕೆ ನಂದು ಕಣಪ್ಪ, ಯಾರನ್ನ ಬೇಕಾದ್ರೂ ಕೇಳು” ಎನ್ನುತ್ತಾ ಪಕ್ಕದ ಮನೆಯ ನಿಂಗಮ್ಮ ನಮ್ಮ ದೊಡ್ಡಪ್ಪನ ಕುರಿಯೊಂದನ್ನು ತಮ್ಮ ಮಂದೆಯ ಜೊತೆ ಹೊಡೆದುಕೊಂಡು ಹೊರಟೇಬಿಟ್ಟರು.

ತಪ್ಪು ನನ್ನದೇ. ಮೈಸೂರಿನಲ್ಲಿ ಚಿತ್ರಕಲೆಯ ಎಂ.ವಿ.ಎ. ಓದುತ್ತಿರುವ ನಾನು ರಜೆಗೆಂದು ದೊಡ್ಡಪ್ಪನ ಊರು ಬಿಂಡಿಗನವಿಲೆಗೆ ಬಂದಿದ್ದೆ. ಉಣ್ಣೆ ಕತ್ತರಿಸಿದ ಕುರಿಗಳಿಗೆ ಗುರುತು ಹಾಕಲು ದೊಡ್ಡಪ್ಪ ಹೇಳಿದರು. ಅವರ ಗುರುತು ಬೆನ್ನ ಮೇಲೊಂದು ನೀಲಿ ಗೀಟು, ಅಷ್ಟೇ. ಒಂದು ಕೃತಿಯಂತೆ ಇನ್ನೊಂದು ಇರಬಾರದೆಂದು ವರ್ಷಗಟ್ಟಲೆ ಪಾಠ ಕೇಳಿದ ಕೈ ಸುಮ್ಮನಿರುತ್ತದೆಯೇ? ನನ್ನ ಬಣ್ಣಗಳನ್ನೆಲ್ಲ ಹರಡಿಕೊಂಡು ಹತ್ತು ಕುರಿಗೂ ಹತ್ತು ಬಗೆಯ ಚಿತ್ತಾರ ಬರೆದೆ. ಕೊನೆಯದು ಸರಳವಾಗಿರಲೆಂದು ಕುತ್ತಿಗೆಯ ಮೇಲೆ ಒಂದೇ ಒಂದು ಕೆಂಪು ಚುಕ್ಕೆ ಇಟ್ಟು, ದೂರ ನಿಂತು ನೋಡಿ ನಾನೇ ಮೆಚ್ಚಿಕೊಂಡೆ.

“ಲೇ, ಗುರುತು ಅಂದ್ರೆ ಎಲ್ಲಾ ಒಂದೇ ತರ ಇರ್ಬೇಕು ಕಣ್ಲಾ! ಓಗು, ಬುಡಿಸ್ಕೊಂಡ್ ಬಾ” ಎಂದು ದೊಡ್ಡಪ್ಪ ನನ್ನನ್ನು ಅಟ್ಟಿದರು. ನಿಂಗಮ್ಮನ ಇಡೀ ಮಂದೆಗೆ ಹೊಸದಾಗಿ ಕೆಂಪು ಚುಕ್ಕೆ ಇಟ್ಟುಕೊಟ್ಟ ಮೇಲೆಯೇ ನಮ್ಮ ಕುರಿ ವಾಪಸ್ಸು ಸಿಕ್ಕಿದ್ದು.

ಈಗ ಕಾಲೇಜಿನಲ್ಲಿ ಯಾರಾದರೂ ಖಾಲಿ ಕ್ಯಾನ್ವಾಸಿನ ಮೇಲೆ ಒಂದು ಕೆಂಪು ಚುಕ್ಕೆಯಿಟ್ಟು ಅದರ ಅರ್ಥ ವಿವರಿಸಲು ಹೊರಟರೆ ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ಅರ್ಥ ನನಗೆ ಮೊದಲೇ ಗೊತ್ತು: ಅದು ನಿಂಗಮ್ಮನ ಕುರಿ.