ಗಿರಣಿ ಸೇರಿದ ಹಡಗು

ಸಿರುಗುಪ್ಪದ ನನ್ನ ಹಿಟ್ಟಿನ ಗಿರಣಿಯಲ್ಲಿ ಯಂತ್ರದ ಮುಂದೆ ಹಾಸಲು ಗಟ್ಟಿ ಹಲಗೆ ಬೇಕಾಗಿತ್ತು. ಸೇತುವೆಯಾದ ಮೇಲೆ ದಡದಲ್ಲೇ ಬಿದ್ದಿದ್ದ ತನ್ನ ದೋಣಿಯನ್ನು ಮಾರಲು ಅಂಬಿಗ ಹನುಮಪ್ಪ ತಾತ ಒಪ್ಪಿದ. ಬಡಗಿ ಮೊದಲ ಹಲಗೆ ಕಿತ್ತಾಗ ತಾತ ಮುಖ ತಿರುಗಿಸಿದ.

ಶಾಲೆಯ ಮೆಟ್ಟಿಲು ಹತ್ತದೆ ಓದು ಕಲಿತವಳು ನಾನು. ಓದಿದ್ದನ್ನು ಹೇಳದೆ ಇರಲಾರೆ.

"ತಾತಾ, ಅಮೆರಿಕದಾಗ ಚೆಸಪೀಕ್ ಅಂತ ಯುದ್ಧದ ಹಾಯಿಹಡಗು ಇತ್ತು. ಗುಂಡು ಬಿದ್ರೂ ಕಪ್ತಾನ, 'ಹಡಗು ಬಿಟ್ಟುಕೊಡಬ್ಯಾಡ್ರಿ' ಅಂದ. ಆದ್ರೂ ಇಂಗ್ಲಿಷರು ಹಿಡಕೊಂಡು ಹೋದ್ರು. ಮುಂದ ಅದನ್ನ ಒಡೆದು, ಆ ಕಟ್ಟಿಗ್ಯಾಗ ಹಿಟ್ಟಿನ ಗಿರಣಿ ಕಟ್ಟಿದ್ರು. ನಿನ್ನ ದೋಣಿಗೂ ಅದೇ ಮರ್ಯಾದಿ."

"ಒಡೆಯಾಗ ಕಪ್ತಾನ ಅಲ್ಲಿದ್ನೇನವ್ವಾ?"

"ಇಲ್ಲ. ಅದೇ ಗಾಯಕ್ಕ ಮೊದಲೇ ಸತ್ತಿದ್ದ."

"ಪುಣ್ಯವಂತ," ಎಂದ ತಾತ.

ಮಾತಿನಲ್ಲಿ ಯಾರಿಗೂ ಸೋಲದ ನಾನು, ಬಡಗಿ ಕಿತ್ತ ಹಲಗೆಯ ಮಣ್ಣನ್ನು ಸೆರಗಿನಿಂದ ಒರೆಸತೊಡಗಿದೆ.

ಈಗ ಜೋಳ ಬೀಸಿಸಲು ಬಂದಾಗಲೆಲ್ಲ ತಾತ, ಹಿಂದೆ ದೋಣಿ ಹತ್ತುವಾಗ ಮಾಡುತ್ತಿದ್ದಂತೆ, ಚಪ್ಪಲಿ ಬಿಟ್ಟೇ ಆ ಹಲಗೆಯ ಮೇಲೆ ಕಾಲಿಡುತ್ತಾನೆ. ನಾನೂ ಅಲ್ಲಿ ಬರಿಗಾಲಲ್ಲೇ ಓಡಾಡುತ್ತೇನೆ. ಯಾರಾದರೂ ಕೇಳಿದರೆ, ಚಪ್ಪಲಿಗೆ ಹಿಟ್ಟು ಮೆತ್ತುತ್ತದೆ ಎನ್ನುತ್ತೇನೆ.