ಅಕ್ಕನ ಬಲಗೈ

ದೂರದಲ್ಲಿರುವ ಒಡಹುಟ್ಟಿದವರಿಗೆ ಏನಾದರೂ ಆದರೆ ಇಲ್ಲಿ ನಮ್ಮ ಮೈಗೆ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ವಿಜ್ಞಾನ ಕಲಿಸುವ ಮೇಷ್ಟ್ರು, ನಗಲೇಬೇಕಲ್ಲ. ಈಗ ಹೇಳುವುದನ್ನು ನೀವೂ ನಂಬಲೇಬೇಕೆಂದೇನಿಲ್ಲ.

ತೊಂಬತ್ತರ ದಶಕದ ಕೊನೆ. ಕಿಕ್ಕೇರಿಯ ಶಾಲೆಯಲ್ಲಿ ಬೆಳಗಿನ ಪಾಠ ಮಾಡುತ್ತಿದ್ದೆ. ಹಲಗೆಯ ಮೇಲೆ ಬರೆಯುತ್ತಿದ್ದ ಬಲಗೈ ಇದ್ದಕ್ಕಿದ್ದಂತೆ ಜೀವವಿಲ್ಲದಂತೆ ಜೋತುಬಿತ್ತು. ಅದೇ ಗಳಿಗೆಯಲ್ಲಿ ಸಿಂಧಘಟ್ಟಕ್ಕೆ ಕೊಟ್ಟಿದ್ದ ನನ್ನಕ್ಕ ಪುಟ್ಟತಾಯಮ್ಮನ ಮುಖ ಕಣ್ಣಿಗೆ ಕಟ್ಟಿತು. ಕೈ ಕೂಡಲೇ ಸರಿಹೋಯಿತು. ಆದರೂ ಪಾಠವನ್ನು ಅಲ್ಲಿಗೇ ಬಿಟ್ಟೆ. ಸಹೋದ್ಯೋಗಿಯೊಬ್ಬರನ್ನು ಕಾಡಿಬೇಡಿ ಅವರ ಸ್ಕೂಟರಿನ ಹಿಂದೆ ಕೂತು ಹೊರಟೇಬಿಟ್ಟೆ.

ಅಕ್ಕ ಜಗಲಿಯ ಗೋಡೆಗೆ ಒರಗಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ ಮೇಲೇಳುತ್ತಿರಲಿಲ್ಲ, ಮಾತು ನಿಂತಿತ್ತು. ಅವರೆಕಾಯಿ ಸುಲಿಯುತ್ತಿದ್ದವಳು ಹಾಗೇ ವಾಲಿದಳಂತೆ, ಹೆಚ್ಚೂಕಮ್ಮಿ ನನ್ನ ಕೈ ಜೋತುಬಿದ್ದ ಹೊತ್ತಿಗೇ.

"ಗಾಳಿ ಬಡ್ದದೆ ಕಣಪ್ಪ. ಸಂತೆಬಾಚಳ್ಳೀಲಿ ಸೊಪ್ಪಿನ ರಸ ಉಯ್ತಾರೆ, ಅಲ್ಗೇ ಓಗವ" ಎಂದರು ಅವಳ ಅತ್ತೆ. ಭಾವ ಕಾಫಿ ಕುಡಿಸಲು ಲೋಟ ಹಿಡಿದಿದ್ದರು.

ಲೋಟ ಕಿತ್ತುಕೊಂಡೆ. "ಬಾಯ್ಗೇನೂ ಆಕ್ಬ್ಯಾಡಿ ಭಾವ, ನೆತ್ತಿಗತ್ತುತ್ತೆ. ಇದು ಲಕ್ವ, ಮಿದುಳಿಗೆ ಆಗಿರೋ ತೊಂದ್ರೆ. ತಡ ಮಾಡುದ್ರೆ ಕೈನೂ ಇಲ್ಲ, ಮಾತೂ ಇಲ್ಲ. ಕಾರ್ ತರ್ಸಿ, ಮೈಸೂರ್ಗೇ ಓಗವ!"

ಪಾಂಡವಪುರ ಕಳೆದು ಶ್ರೀರಂಗಪಟ್ಟಣದ ಸೇತುವೆಗೆ ಬಂದರೆ ಕಬ್ಬಿನ ಗಾಡಿಗಳ ಸಾಲು. ಎಂದೂ ಗಟ್ಟಿಯಾಗಿ ಮಾತಾಡದ ಭಾವ ಕೆಳಗಿಳಿದು, "ದಾರಿ ಬುಡ್ರಪ್ಪೋ, ನನ್ನೆಡ್ತಿ ಜೀವ ಕಣ್ರಪ್ಪೋ!" ಎಂದು ಓಡಿಕೊಂಡೇ ಕೂಗಿದರು. ಗಾಡಿಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು.

ಆಸ್ಪತ್ರೆಯಲ್ಲಿ ಮೊದಲು ತಲೆಯ ಸ್ಕ್ಯಾನ್ ಮಾಡಿದರು. "ರಕ್ತನಾಳದಲ್ಲಿ ಹೆಪ್ಪು. ಬೇಗ ತಂದಿದ್ದೀರಿ, ಒಳ್ಳೇದಾಯ್ತು" ಎಂದರು ಡಾಕ್ಟರು. ನುಂಗಲಾಗುತ್ತದೆಯೇ ಎಂದು ನೋಡಿದ ಮೇಲೆಯೇ ಗಂಜಿ ಕೊಟ್ಟರು. ಕೈಕಾಲಿಗೆ ವ್ಯಾಯಾಮ, ನಾಲಿಗೆಗೆ ಮಗುವಿಗೆ ಕಲಿಸುವಂತೆ ಮಾತಿನ ಪಾಠ. ಅಕ್ಕ ಅಳುತ್ತಿದ್ದಳು, ಬೈಯಲಾಗದೆ ಸಿಟ್ಟಾಗುತ್ತಿದ್ದಳು, ಆದರೆ ಬಿಡಲಿಲ್ಲ.

ನನ್ನ ಕೈಯನ್ನೂ ತೋರಿಸಿದೆ. ಎಲ್ಲ ಪರೀಕ್ಷೆ ಮಾಡಿ, ಏನೂ ಇಲ್ಲ ಎಂದರು.

ಸುಗ್ಗಿ ಮುಗಿಯುವ ಹೊತ್ತಿಗೆ ಅಕ್ಕ ಒಬ್ಬಳೇ ಬಸ್ಸು ಹತ್ತಿ ಕಿಕ್ಕೇರಿಗೆ ಬಂದಳು! ನೇರ ಅಡುಗೆಮನೆಗೆ ನುಗ್ಗಿ, ನನ್ನ ಹೆಂಡತಿಯಿಂದ ಕೋಲು ಕಸಿದುಕೊಂಡು ಮುದ್ದೆ ತೊಳಸಿದಳು, ಅದೂ ಬಲಗೈಯಲ್ಲೇ. ಅವಳ ಹಣೆಯ ಬೆವರು ನೋಡಿ ನನಗೆ ಕಣ್ಣು ತುಂಬಿತು.

"ನಂಗಾಗಿದ್ದು ನಿಂಗೆಂಗ್ಲಾ ಗೊತ್ತಾಯ್ತು?" ಎಂದು ಕೇಳಿದಳು.

"ಗೊತ್ತಿಲ್ಲ ಕಣಕ್ಕ."

"ದೊಡ್ ಮೇಷ್ಟ್ರು ಬುಡು!" ಎಂದು ನಕ್ಕಳು.

ಈಗ ಯಾರಾದರೂ ಅಂಥ ಮಾತು ಹೇಳಿದರೆ ನಾನು ನಗುವುದಿಲ್ಲ. ಅದು ಹೇಗಾಯಿತೆಂಬ ಚಿಂತೆ ಅಕ್ಕನಿಗಂತೂ ಇಲ್ಲ.